ಜಂಪ್‌ನಲ್ಲಿ ಬಿಎಂಎಕ್ಸ್ ಸೈಕಲ್ಲಿನ ಮುಂದಿನ ಚಕ್ರ ಕೆಳಗೆ ವಾಲುತ್ತದೆ, ಏನು ಮಾಡಲಿ?

ಕೋಥ್ರೂಡ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಬೆಳಗಾವಿ, ಈಗ ಇರುವುದು ಪುಣೆಯಲ್ಲಿ. ಸೊಸೈಟಿ ಹಿಂದಿನ ಖಾಲಿ ಪ್ಲಾಟ್‌ನಲ್ಲಿ, ಮಾಲೀಕರನ್ನು ಕೇಳಿಯೇ, ಗೆಳೆಯರೆಲ್ಲ ಸೇರಿ ಮುರುಮ್ ಮಣ್ಣು ಹಾಕಿ ಒಂದು ಟೇಬಲ್‌ಟಾಪ್ (ಒಂದು ಕಡೆ ಏರು, ಮೇಲೆ ಚಪ್ಪಟೆ, ಆಚೆ ಇಳಿಜಾರು ಇರುವ ಜಂಪ್ ದಿಬ್ಬ) ಕಟ್ಟಿದ್ದೇವೆ. ಸೊಂಟದಷ್ಟು ಎತ್ತರ. ನೆಲ ಬಿಟ್ಟ ತಕ್ಷಣ ನನ್ನ ಮುಂದಿನ ಚಕ್ರ ಕೆಳಗೆ ವಾಲುತ್ತದೆ. ಹ್ಯಾಂಡಲ್ ಜೋರಾಗಿ ಎಳೆದರೆ ಸೈಕಲ್ ಬಲಕ್ಕೆ ತಿರುಗುತ್ತದೆ. ರೇಸ್ ವಿಡಿಯೋಗಳಲ್ಲಿ ನೋಡಿದ ಹಾಗೆ ಮೊಣಕಾಲು ಮಡಚಿ ಮುಂದಕ್ಕೆ ಬಾಗುತ್ತೇನೆ. ಹಿಂದಿನ ಬ್ರೇಕ್ ಹಿಡಿದರೆ ಮುಂಭಾಗ ಏಳುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜಾನಾ?

ಬೇಲಾಪುರ ರೈಡರ್:
ತಮ್ಮಾ, ಮೊದಲು ಆ ರೇಸ್ ವಿಡಿಯೋ ಪಕ್ಕಕ್ಕಿಡು. ರೇಸ್‌ನಲ್ಲಿ ಗಾಳಿಯಲ್ಲಿ ಕಳೆದ ಹೊತ್ತೆಲ್ಲ ನಷ್ಟ, ಅಲ್ಲಿ ಪೆಡಲ್ ತುಳಿದು ವೇಗ ಹೆಚ್ಚಿಸಲು ಆಗುವುದಿಲ್ಲ. ಅದಕ್ಕೇ ಅವರು ಕಾಲು ಮಡಚಿ, ಮುಂದಿನ ಚಕ್ರವನ್ನು ಬೇಗ ಕೆಳಗೆ ಒತ್ತುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಂದದ್ದು ಆ ರೇಸ್. ನಿನಗೆ ಬೇಕಾದದ್ದು ಫ್ರೀಸ್ಟೈಲ್, ಅಂದರೆ ಹಾರಿ ಟ್ರಿಕ್ ಮಾಡುವ ಬಗೆ, ಅದು ಟೋಕಿಯೋದಲ್ಲಿ 2021ರಲ್ಲಿ ಸೇರಿತು. ಅವರ ಟ್ರಿಕ್ ನೋಡಬೇಡ, ಲಿಪ್ (ಹಾರುವ ಕಡೆಯ ಏರಿನ ಮೇಲ್ತುದಿ) ದಾಟುವಾಗ ಕಾಲು ಏನು ಮಾಡುತ್ತವೆ ಅಂತ ಮಾತ್ರ ನೋಡು.

ಎರಡೂ ಚಕ್ರ ನೆಲ ಬಿಟ್ಟ ಮೇಲೆ ನೀನು ಎಷ್ಟು ಎತ್ತರ, ಎಷ್ಟು ದೂರ ಹೋಗುತ್ತೀಯ ಅನ್ನುವುದು ಆಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಎಷ್ಟು ಒದ್ದಾಡಿದರೂ ಬದಲಾಗುವುದಿಲ್ಲ. ಕೈಯಲ್ಲಿ ಉಳಿಯುವುದು ಸೈಕಲ್ ನಿನ್ನ ಕೆಳಗೆ ಹೇಗಿರಬೇಕು ಅನ್ನುವುದಷ್ಟೇ. ಹಾಗಾಗಿ ನಿಜವಾದ ಕೆಲಸ ಲಿಪ್‌ನಲ್ಲೇ ಇದೆ.

ಪೆಡಲ್ ಎರಡೂ ಸಮವಾಗಿ, ಮೊಣಕಾಲು ಮೊಣಕೈ ಸ್ವಲ್ಪ ಮಡಚಿ ಬಾ. ಮುಂದಿನ ಚಕ್ರ ಲಿಪ್ ಹತ್ತುವಾಗ ಕಾಲಿನಿಂದ ಸೈಕಲ್ಲನ್ನು ನೆಲಕ್ಕೆ ಒತ್ತು. ಅದು ಅಂಚು ಬಿಡುವಾಗ ಕುರ್ಚಿಯಿಂದ ಏಳುವ ಹಾಗೆ ಎದ್ದು ನಿಲ್ಲು, ಸೊಂಟ ಕೊಂಚ ಹಿಂದೆ ಇರಲಿ. ಹ್ಯಾಂಡಲ್ ತಾನಾಗಿ ಹೊಟ್ಟೆಯ ಕಡೆ ಬರುತ್ತದೆ, ತೋಳಿನ ಬಲ ಬೇಡ. ಹಿಂದಿನ ಚಕ್ರವೂ ಬಿಟ್ಟ ಮೇಲೆ ಮೊಣಕಾಲು ಸಡಿಲ ಬಿಡು, ಸೈಕಲ್ ಮೇಲೆ ಬರಲಿ. ಅತಿ ಎತ್ತರ ಮುಟ್ಟಿದ ಮೇಲೆ ಹ್ಯಾಂಡಲ್ ಮೆಲ್ಲಗೆ ಮುಂದೆ ತಳ್ಳು, ಚಕ್ರಗಳು ಇಳಿಜಾರಿಗೆ ಹೊಂದಬೇಕು. ಕೈಕಾಲು ಬಿಗಿ ಹಿಡಿದರೆ ಇದ್ಯಾವುದೂ ಆಗುವುದಿಲ್ಲ. ಇನ್ನೊಂದು, ತೀರಾ ನಿಧಾನ ಬಂದರೂ ಮುಂಭಾಗ ಬೀಳುತ್ತದೆ. ಹಿಂದಿನ ಚಕ್ರ ಇನ್ನೂ ಮಣ್ಣಿನ ಮೇಲಿರುವಾಗಲೇ ಮುಂದಿನದಕ್ಕೆ ಆಸರೆ ತಪ್ಪಿರುತ್ತದಲ್ವಾ?

ಬಲಕ್ಕೆ ತಿರುಗುವುದು ಬಹುಶಃ ಬಲಗೈ ಜಾಸ್ತಿ ಎಳೆಯುವುದರಿಂದ. ಎಳೆಯುವುದು ಬಿಟ್ಟರೆ ಅದೂ ಅರ್ಧಕ್ಕರ್ಧ ಹೋಗುತ್ತದೆ. ಕಣ್ಣು ಇಳಿಯುವ ಜಾಗದ ಮೇಲಿರಲಿ, ಮುಂದಿನ ಚಕ್ರದ ಮೇಲಲ್ಲ. ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಭಾಗ) ನೇರವಾಗಿದೆಯಾ ಅಂತಲೂ ನೋಡಿಕೋ. ದಯವಿಟ್ಟು ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆ ಹಾರಬೇಡ.

ಪಿಂಪ್ರಿ ಮೆಕ್ಯಾನಿಕಲ್:
ಬ್ರೇಕ್ ವಿಷಯ ನಾನು ಹೇಳುತ್ತೇನೆ. ನಿಮ್ಮ ಗೆಳೆಯ ಹೇಳಿದ್ದು ಉಲ್ಟಾ. ಗಾಳಿಯಲ್ಲೂ ಚಕ್ರ ಮುಂದಕ್ಕೆ ತಿರುಗುತ್ತಲೇ ಇರುತ್ತದೆ. ಬ್ರೇಕ್ ಹಾಕಿದರೆ ಆ ತಿರುಗುವಿಕೆ ಎಲ್ಲೂ ಹೋಗುವುದಿಲ್ಲ, ಇಡೀ ಸೈಕಲ್ಲಿಗೆ ಸೇರುತ್ತದೆ. ಹಾಗಾಗಿ ಮುಂಭಾಗ ಇನ್ನೂ ಕೆಳಗೆ ಹೋಗುತ್ತದೆ. ಮುಂಭಾಗ ತುಂಬಾ ಎದ್ದಾಗ ಮಾತ್ರ ಇದು ಉಪಯೋಗ. ಮೋಟೋಕ್ರಾಸ್ ಬೈಕ್‌ನ ಭಾರದ ಚಕ್ರದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ನಮ್ಮ 20 ಇಂಚಿನ ಹಗುರ ಚಕ್ರದಲ್ಲಿ ಕಡಿಮೆ. ಬ್ರೇಕ್ ಹಿಡಿದೇ ನೆಲ ಮುಟ್ಟಿದರೆ ಹಿಂದಿನ ಚಕ್ರ ಜಾರುತ್ತದೆ, ಹುಷಾರು.

ಕೋಥ್ರೂಡ್ ಹುಡುಗ:
ಥ್ಯಾಂಕ್ಸ್ ಅಣ್ಣ, ಇಬ್ಬರಿಗೂ. ಇಲ್ಲಿ ನಿನ್ನೆ ಜೋರು ಮಳೆ. ಲಿಪ್ ಮೆತ್ತಗಾಗಿದೆ. ಇವತ್ತು ಸಂಜೆ ಹಾರಬಹುದಾ?

ಬೇಲಾಪುರ ರೈಡರ್:
ಬೇಡ. ಹಸಿ ಲಿಪ್‌ನಲ್ಲಿ ಚಕ್ರ ಹೂತು ವೇಗ ಅಲ್ಲೇ ಸಾಯುತ್ತದೆ, ಮುಂಭಾಗ ಖಂಡಿತ ಬೀಳುತ್ತದೆ. ಹೆಬ್ಬೆರಳು ಒತ್ತಿದರೆ ಗುಳಿ ಬೀಳದಷ್ಟು ಒಣಗಲಿ. ಆಮೇಲೆ ಸಲಿಕೆಯ ಹಿಂಬದಿಯಿಂದ ತಟ್ಟಿ ಗಟ್ಟಿ ಮಾಡಿ. ಅಲ್ಲಿಯವರೆಗೆ ಪಾರ್ಕಿಂಗ್‌ನಲ್ಲಿ, ಎಲ್ಲೂ ಹಾರದೆ, ಒತ್ತಿ ಏಳುವುದನ್ನು ಮಾತ್ರ ಅಭ್ಯಾಸ ಮಾಡು. ಮಣ್ಣು ಒಣಗಿದ ಮೇಲೆ ಒಂದು ವಿಡಿಯೋ ಪಕ್ಕದಿಂದ ತೆಗೆದು ಹಾಕು, ನೋಡಿ ಹೇಳುತ್ತೇನೆ.