ಮೆಗಾ ಡ್ರೈವ್‌ನಲ್ಲಿ ಜಪಾನ್ ಕಾರ್ಟ್ರಿಡ್ಜ್ ಕೂರುತ್ತಿಲ್ಲ, ಬೋರ್ಡ್‌ಗೆ ಕೈ ಹಾಕಲೇಬೇಕಾ?

ಕುವೆಂಪುನಗರದ ಆಟಗಾರ
ಸೋದರಮಾವ ದುಬೈನಿಂದ ತಂದಿದ್ದ ಸೆಗಾ ಮೆಗಾ ಡ್ರೈವ್ ವಿಡಿಯೋ ಗೇಮ್ ಸೆಟ್ಟು ಇದೆ. ಮೊದಲನೇ ಮಾಡೆಲ್, ಪಾಲ್ (ಯುರೋಪ್, ನಮ್ಮ ಕಡೆಯ ಟಿವಿ ಪದ್ಧತಿ). ಇವತ್ತಿಗೂ ಚೆನ್ನಾಗಿ ಓಡುತ್ತದೆ. ಒಸಾಕಾದಲ್ಲಿ ಕೆಲಸದಲ್ಲಿರುವ ತಂಗಿ ಅಲ್ಲಿಂದ ಕೆಲವು ಹಳೇ ಗೇಮ್ ಕಾರ್ಟ್ರಿಡ್ಜ್ ಕಳಿಸಿದ್ದಾಳೆ. ಅದರಲ್ಲಿ ‘ಬೇರ್ ನಕಲ್’ ಕೂಡ ಇದೆ. ಆದರೆ ಒಂದೂ ಸ್ಲಾಟ್‌ಗೆ ಇಳಿಯುವುದಿಲ್ಲ, ಅಂಚು ತಾಗುತ್ತದೆ. ಇಲ್ಲೇ ಮೈಸೂರಿನ ಒಬ್ಬ ಮೊಬೈಲ್ ರಿಪೇರಿ ಹುಡುಗ "ಬೋರ್ಡ್‌ಗೆ ಎರಡು ಸ್ವಿಚ್ ಹಾಕಬೇಕು, ಬಿಟ್ಟು ಹೋಗಿ" ಅಂದ. ಮಾವನ ಸೆಟ್ಟು, ಕೊಡಲು ಧೈರ್ಯ ಬರುತ್ತಿಲ್ಲ. ಸ್ವಿಚ್ ಬೇಕೇ ಬೇಕಾ?

ಹಳೇ ಟಿವಿ ಮೆಕ್ಯಾನಿಕ್, ಮಂಡ್ಯ
ಸದ್ಯಕ್ಕೆ ಯಾರ ಕೈಗೂ ಕೊಡಬೇಡಿ. ಜಪಾನ್ ಕಾರ್ಟ್ರಿಡ್ಜ್ ಸ್ವಲ್ಪ ಅಗಲ, ಮೂಲೆ ದುಂಡಗೆ. ನಿಮ್ಮ ಸೆಟ್ಟಿನ ಬಾಯಿ ಕಿರಿದು, ಅಷ್ಟೇ ತೊಂದರೆ. ಒಳಗಿನ ಪಿನ್ನುಗಳು ಒಂದೇ. ಮೇಲಿನ ಕವರ್ ಬಿಚ್ಚಿ, ಬೋರ್ಡಿನಿಂದ ದೂರ ಇಟ್ಟು, ಸ್ಲಾಟಿನ ಎರಡೂ ತುದಿಯನ್ನು ಸಣ್ಣ ಅರದಿಂದ ಚೂರು ಚೂರೇ ಉಜ್ಜಿ. ಪ್ಲಾಸ್ಟಿಕ್ ಪುಡಿ ಕನೆಕ್ಟರ್‌ಗೆ ಬೀಳಬಾರದು. ಅದೂ ಬೇಡ ಅಂದರೆ ಮಧ್ಯೆ ಸಿಕ್ಕಿಸುವ ಅಡಾಪ್ಟರ್ ಸಿಗುತ್ತದೆ.

ಮೆಗಾ ಡ್ರೈವ್‌ನಲ್ಲಿ ದೇಶಕ್ಕೊಂದು ಬೀಗದ ಚಿಪ್ ಇಲ್ಲ. ಸೆಟ್ಟು ಯಾವ ದೇಶದ್ದು ಅಂತ ಗೇಮಿನ ಪ್ರೋಗ್ರಾಮೇ ಕೇಳಿ ನೋಡುತ್ತದೆ. ಶುರುವಿನ ಗೇಮುಗಳಲ್ಲಿ ತುಂಬಾ ಜನ ಆ ತಪಾಸಣೆ ಇಟ್ಟೇ ಇರಲಿಲ್ಲ. ನಿಮ್ಮ ‘ಬೇರ್ ನಕಲ್’ 1991ರದ್ದು, ಸ್ವಿಚ್ ಇಲ್ಲದೆ ಓಡುತ್ತದೆ. ಆದರೆ ಪರದೆಯ ಮೇಲೆ ಅದರ ಹೊರದೇಶದ ಹೆಸರು ‘ಸ್ಟ್ರೀಟ್ಸ್ ಆಫ್ ರೇಜ್’ ಅಂತ ಬರುತ್ತದೆ, ಗಾಬರಿಯಾಗಬೇಡಿ. ಎಲ್ಲ ಹಾಕಿ ನೋಡಿ. ಯಾವುದಾದರೂ ಬರಿ ಎಚ್ಚರಿಕೆ ತೋರಿಸಿ ನಿಂತರೆ ಆಗ ಸ್ವಿಚ್ ಮಾತು.

ಕುವೆಂಪುನಗರದ ಆಟಗಾರ
ಉಜ್ಜಿದೆ ಸರ್, ಕೂತಿತು! ‘ಬೇರ್ ನಕಲ್’ ಓಡಿತು, ನೀವು ಹೇಳಿದ ಹೆಸರೇ ಬಂತು. ಆದರೆ ಹಾಡು, ಹೊಡೆದಾಟ ಎಲ್ಲ ನಿಧಾನ ಅನಿಸುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ.

ಹಳೇ ಟಿವಿ ಮೆಕ್ಯಾನಿಕ್, ಮಂಡ್ಯ
ಅದು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಚಿತ್ರ. ಜಪಾನ್‌ನವರು 60ಕ್ಕೆ ಬರೆದ ಆಟ, ನಿಮ್ಮಲ್ಲಿ ಆರನೇ ಒಂದು ಪಾಲು ನಿಧಾನ. ಇದಕ್ಕೆ ಸ್ವಿಚ್ ಹಾಕಿದರೆ ಅರ್ಥವಿದೆ. ಭಾಷೆಗೊಂದು, ಹರ್ಟ್ಜ್‌ಗೊಂದು ಜಂಪರ್ (ಎರಡು ಬಿಂದು ಕೂಡಿಸುವ ಸಣ್ಣ ಜೋಡಣೆ) ಬೋರ್ಡ್ ಮೇಲಿರುತ್ತದೆ. ಮೂರು ಕಾಲಿನ ಸ್ವಿಚ್ಚಿನ ನಡುವಿನ ಕಾಲು ಜಂಪರಿಗೆ, ಉಳಿದೆರಡು 5 ವೋಲ್ಟ್‌ಗೆ ಮತ್ತು ಗ್ರೌಂಡಿಗೆ. ಹಳೇ ಜಂಪರ್ ಮೊದಲು ಕಡಿಯಿರಿ, ಇಲ್ಲದಿದ್ದರೆ ಸ್ವಿಚ್ ತಿರುಗಿಸಿದ ಕ್ಷಣ 5 ವೋಲ್ಟ್ ಸೀದಾ ಗ್ರೌಂಡಿಗೆ ಶಾರ್ಟ್. ಆ ಹುಡುಗನಿಗೆ ಇದು ಗೊತ್ತಿದೆಯಾ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಸ್ವಿಚ್ಚಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಿಲ್ಲ, ರೇಡಿಯೋ ರಿಪೇರಿಯವರ ಹತ್ತಿರ ಇರುತ್ತದೆ.

ಎರಡನೇ ಪ್ಲೇಯರ್
ಗುರುವೇ, ಇಷ್ಟೆಲ್ಲ ಯಾಕೆ? ತಂಗಿಗೆ ಹೇಳಿ ಜಪಾನ್ ಸೆಟ್ಟನ್ನೇ ತರಿಸಿದರೆ ಮುಗೀತಲ್ವಾ?

ಹಳೇ ಟಿವಿ ಮೆಕ್ಯಾನಿಕ್, ಮಂಡ್ಯ
ತರಿಸಲಿ, ಆದರೆ ಅದರ ಕರೆಂಟ್ ಅಡಾಪ್ಟರ್ ಅಲ್ಲೇ ಬಿಟ್ಟು ಬರಲಿ. ಅದು 100 ವೋಲ್ಟ್‌ನದು, ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟು ಹೋಗುತ್ತದೆ. ಇವರ ದುಬೈ ಅಡಾಪ್ಟರ್ ನಮ್ಮ ಕರೆಂಟಿಗೇ ಆಗುತ್ತದೆ. ಮೊದಲನೇ ಮಾಡೆಲ್ ಆದರೆ ಅದನ್ನೇ ಹಾಕಬಹುದು: 9 ವೋಲ್ಟ್, ನಡುವೆ ನೆಗೆಟಿವ್. ಎರಡನೇ ಮಾಡೆಲ್‌ಗೆ ಪಿನ್ನೂ ಬೇರೆ, ನಡುವೆ ಪಾಸಿಟಿವ್, ಅದಕ್ಕೆ ಇದು ಆಗಲ್ಲ.