ಹತ್ತಿರ ತಂದರೆ ಬಿಟ್ ಮಾಯ: ಆರ್‌ಎಫ್‌ಐಡಿ ಟ್ಯಾಗ್‌ನ ಡಿಮಾಡ್ಯುಲೇಟರ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಅಂತಿಮ ವರ್ಷದ ವಿದ್ಯಾರ್ಥಿ): ನಮಸ್ಕಾರ ಮೇಡಂ. 866 ಮೆಗಾಹರ್ಟ್ಸ್ ಆರ್‌ಎಫ್‌ಐಡಿ (ರೇಡಿಯೋ ಅಲೆಯಿಂದ ಟ್ಯಾಗ್ ಗುರುತಿಸುವ ವ್ಯವಸ್ಥೆ) ರೀಡರ್ ಕಳಿಸುವ ಆದೇಶಗಳನ್ನು ಬಿಡಿಸಿ ಓದುವ ಸರ್ಕ್ಯೂಟ್, ಅಂದರೆ ಡಿಮಾಡ್ಯುಲೇಟರ್, ಕಟ್ಟಿದ್ದೇವೆ. ಒಂದು ಶಾಟ್ಕಿ ಡಯೋಡ್, 10 ಪಿಕೋಫ್ಯಾರಡ್ ಕೆಪಾಸಿಟರ್, 100 ಕಿಲೋಓಮ್ ರೆಸಿಸ್ಟರ್, ಕೊನೆಗೆ 0.1 ವೋಲ್ಟ್ ಮಿತಿಯ ಕಂಪ್ಯಾರೇಟರ್ (ವೋಲ್ಟೇಜ್ ಮಿತಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವ ಸರ್ಕ್ಯೂಟ್). ದೂರ ಹಿಡಿದು 0.15 ವೋಲ್ಟ್ ಬಂದಾಗ ಚೆನ್ನಾಗಿ ಓದುತ್ತದೆ. ಗೇಣು ದೂರಕ್ಕೆ ತಂದರೆ 2 ವೋಲ್ಟ್ ಬರುತ್ತದೆ, ಆದರೆ ಬಿಟ್‌ಗಳು ಮಾಯ! ಆಸಿಲೋಸ್ಕೋಪಿನ ಪ್ರೋಬ್ ತೆಗೆದರೆ ಅಲ್ಲೂ ಸರಿಯಾಗುತ್ತದೆ. ಸಂಕೇತ ಬಲವಾದಷ್ಟೂ ಕೆಡುವುದು ಹೇಗೆ? ರೀಡರ್‌ನ ಟಾರಿ, ಅಂದರೆ ಸೊನ್ನೆಯ ಉದ್ದ, 12.5 ಮೈಕ್ರೋಸೆಕೆಂಡ್. ಪ್ರತಿ ಬಿಟ್‌ನ ಕೊನೆಯ ತಗ್ಗು ಸುಮಾರು 6 ಮೈಕ್ರೋಸೆಕೆಂಡ್.

ಉತ್ತರ: ಅಳತೆಗಳನ್ನೆಲ್ಲ ಕೊಟ್ಟಿದ್ದೀರಿ, ಸಂತೋಷ. ಅರ್ಧ ಉತ್ತರ ಅವುಗಳಲ್ಲೇ ಇದೆ.

ರೀಡರ್ ತನ್ನ ಅಲೆಯನ್ನು ಆಗಾಗ ಕ್ಷಣಮಾತ್ರ ತಗ್ಗಿಸಿ ಮಾತನಾಡುತ್ತದೆ. ಒಂದು ತಗ್ಗಿನಿಂದ ಮುಂದಿನ ತಗ್ಗಿನವರೆಗಿನ ಅಂತರ ಚಿಕ್ಕದಿದ್ದರೆ ಸೊನ್ನೆ, ದೊಡ್ಡದಿದ್ದರೆ ಒಂದು. ಅಲೆ ತಗ್ಗಿದೊಡನೆ ನಿಮ್ಮ ಕೆಪಾಸಿಟರ್ ಬರಿದಾಗಬೇಕು, ಅದಕ್ಕಿರುವ ದಾರಿ ಆ ರೆಸಿಸ್ಟರ್ ಒಂದೇ. 10 ಪಿಕೋಫ್ಯಾರಡ್ ಮತ್ತು 100 ಕಿಲೋಓಮ್ ಗುಣಿಸಿದರೆ ಕಾಲಾಂಕ, ಅಂದರೆ ಎಷ್ಟು ಬೇಗ ಬರಿದಾಗುತ್ತದೆ ಎಂಬುದರ ಅಳತೆ, 1 ಮೈಕ್ರೋಸೆಕೆಂಡ್. ಆದರೆ ಪ್ರೋಬ್ ಬರಿಯ ತಂತಿಯಲ್ಲ. ಹತ್ತಕ್ಕೊಂದು (10X) ಸ್ಥಾನದಲ್ಲೂ ಅದು 12 ಪಿಕೋಫ್ಯಾರಡ್ ಆಸುಪಾಸಿನ ಕೆಪಾಸಿಟರ್. ಅದನ್ನು ತಾಗಿಸಿದ ಕೂಡಲೇ ಕಾಲಾಂಕ 2.2 ಆಗುತ್ತದೆ. 2 ವೋಲ್ಟ್‌ನಿಂದ 0.1 ವೋಲ್ಟ್‌ಗೆ ಇಳಿಯಲು ಕಾಲಾಂಕದ ಮೂರು ಪಟ್ಟು ಸಮಯ ಬೇಕು, ಅಂದರೆ 6.6 ಮೈಕ್ರೋಸೆಕೆಂಡ್. ತಗ್ಗು ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ, ಕಂಪ್ಯಾರೇಟರ್‌ಗೆ ಕಾಣುವುದೇ ಇಲ್ಲ. ದೂರದಲ್ಲಾದರೋ 0.15ರಿಂದ 0.1ಕ್ಕೆ ಇಳಿದರೆ ಸಾಕು, ಒಂದು ಮೈಕ್ರೋಸೆಕೆಂಡೂ ಬೇಡ.

ಇಷ್ಟು ಕೇಳಿ ಕೆಪಾಸಿಟರ್ ಮಾತ್ರ ಬದಲಿಸಿ ಸುಮ್ಮನಾಗಬೇಡಿ. ನಿಜವಾದ ರೋಗ ಆ ಸ್ಥಿರ ಮಿತಿ. ಈ ಟ್ಯಾಗ್‌ಗಳ ಮಾನದಂಡದ (ಇಪಿಸಿ ಜೆನ್-2) ಪ್ರಕಾರ ಅಲೆ 80ರಿಂದ 100 ಪ್ರತಿಶತ ತಗ್ಗಬಹುದು. ಬೇರೆ ರೀಡರ್ ತಂದು, ಅದು 80 ಪ್ರತಿಶತ ಮಾತ್ರ ತಗ್ಗಿಸಿದರೆ, ನಿಮ್ಮ 2 ವೋಲ್ಟ್‌ನ ತಳವೇ 0.4 ವೋಲ್ಟ್ ಸುಮಾರಿಗೆ ನಿಲ್ಲುತ್ತದೆ. 0.1ರ ಮಿತಿ ಎಷ್ಟು ಹೊತ್ತು ಕಾದರೂ ಪ್ರಯೋಜನವಿಲ್ಲ.

ಮಿತಿಯನ್ನು ಸಂಕೇತದಿಂದಲೇ ಪಡೆಯಿರಿ. ಕೆಪಾಸಿಟರ್ ಮೇಲೆ ಬರುವ ಅದೇ ಎನ್ವಲಪ್ (ಅಲೆಯ ಎತ್ತರದ ಏರಿಳಿತ) ಅನ್ನು ಒಂದು ನಿಧಾನದ ಫಿಲ್ಟರ್ ಮೂಲಕ ಹಾಯಿಸಿ (1 ಮೆಗಾಓಮ್, 50 ಪಿಕೋಫ್ಯಾರಡ್ ಆದೀತು), ಬರುವ ಸರಾಸರಿಯನ್ನು ಕಂಪ್ಯಾರೇಟರಿನ ಇನ್ನೊಂದು ಕಾಲಿಗೆ ಕೊಡಿ. ಸಂಕೇತ ಹೆಚ್ಚು ಹೊತ್ತು ಮೇಲೆಯೇ ಇರುವುದರಿಂದ ಸರಾಸರಿ ಶಿಖರದ ಅರ್ಧಕ್ಕಿಂತ ತುಸು ಮೇಲೆ ಕೂರುತ್ತದೆ. ಆಗ ಇಳಿಯಲು ಬೇಕಾದ ಸಮಯ 2 ವೋಲ್ಟ್ ಇದ್ದರೂ 0.15 ಇದ್ದರೂ ಹೆಚ್ಚುಕಡಿಮೆ ಒಂದೇ. ಜೊತೆಗೆ ರೆಸಿಸ್ಟರನ್ನು 27 ಕಿಲೋಓಮ್‌ಗೆ ಇಳಿಸಿ. ದೂರದ ಸಂಕೇತ ಸ್ವಲ್ಪ ಕುಗ್ಗುತ್ತದೆ, ಅದು ತೆರಬೇಕಾದ ಬೆಲೆ. ಸರಾಸರಿಯ ಹತ್ತಿರ ಕಂಪ್ಯಾರೇಟರ್ ನಡುಗದಂತೆ ತುಸು ಹಿಸ್ಟೆರಿಸಿಸ್ (ಏರುವಾಗ ಒಂದು ಮಿತಿ, ಇಳಿಯುವಾಗ ಅದಕ್ಕಿಂತ ತುಸು ಕೆಳಗಿನ ಮಿತಿ) ಇರಲಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಇಷ್ಟೆಲ್ಲ ಪರದಾಟ ಏಕೆ? ರೇಡಿಯೋದಲ್ಲಿರುವಂತೆ ಆಸಿಲೇಟರ್ (ಸ್ವಂತ ಅಲೆ ಹುಟ್ಟಿಸುವ ಸರ್ಕ್ಯೂಟ್), ಅದನ್ನು ಬಂದ ಅಲೆಯೊಡನೆ ಬೆರೆಸುವ ಮಿಕ್ಸರ್ ಹಾಕಬಹುದಲ್ಲವೇ? ಫಾಸ್ಟ್ಯಾಗ್‌ನಲ್ಲೂ ಬರಿಯ ಡಯೋಡ್ ಮಾತ್ರವೇ?

ಉತ್ತರ: ಖರ್ಚು ತಾಳುವುದಿಲ್ಲ ಸರ್. ರೀಡರ್ ಆಂಟೆನಾದ ಕಡೆಗೆ 4 ವ್ಯಾಟ್‌ಗೆ ಸಮಾನವಾದ ಶಕ್ತಿ ಬೀರಿದರೂ, ನಡುವೆ ಏನೂ ಅಡ್ಡಿಯಿಲ್ಲದೆ 10 ಮೀಟರ್ ದೂರದ ಟ್ಯಾಗ್‌ಗೆ ಸಿಗುವುದು 50 ಮೈಕ್ರೋವ್ಯಾಟ್‌ನಷ್ಟು. ಅದನ್ನು ಡಿಸಿಗೆ ಬದಲಿಸುವಾಗ ಬಹುಪಾಲು ಸೋರಿಹೋಗುತ್ತದೆ. ಉಳಿದದ್ದರಲ್ಲಿ ಇಡೀ ಚಿಪ್ ನಡೆಯಬೇಕು. 866 ಮೆಗಾಹರ್ಟ್ಸ್‌ನ ಆಸಿಲೇಟರ್ ಒಂದಕ್ಕೇ ಸಾಮಾನ್ಯವಾಗಿ ನೂರಾರು ಮೈಕ್ರೋವ್ಯಾಟ್ ಬೇಕು. ಟೋಲ್ ಗೇಟಿನಲ್ಲಿ ಓದುವ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು, 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ, ಸೆಲ್ ಇಲ್ಲ. ಚಿಪ್‌ನೊಳಗೆ ಡಯೋಡಿನ ಜಾಗದಲ್ಲಿ ಟ್ರಾನ್ಸಿಸ್ಟರ್‌ಗಳೂ ಇರಬಹುದು, ತತ್ವ ಎನ್ವಲಪ್ ಹಿಡಿಯುವುದೇ.

ಪ್ರಶ್ನೆ (ಅವರೇ): ಗಡಿಯಾರವನ್ನು ನಿಖರವಾಗಿಡುವ ಕ್ರಿಸ್ಟಲ್ ಇಲ್ಲದ ಟ್ಯಾಗ್ ಮೈಕ್ರೋಸೆಕೆಂಡ್‌ಗಳನ್ನು ಅಳೆಯುವುದು ಹೇಗೆ?

ಉತ್ತರ: ಈ ಮಾನದಂಡದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಟ್ಯಾಗ್‌ಗೆ ಸ್ವಂತ ಗಡಿಯಾರವಿದೆ, ಆದರೆ ಅದನ್ನು ನಂಬುವಂತಿಲ್ಲ. ಬಿಸಿಲಿಗೆ ಒಂದು ವೇಗ, ಚಳಿಗೆ ಒಂದು ವೇಗ. ಆದ್ದರಿಂದ ರೀಡರ್ ಆದೇಶಕ್ಕೆ ಮೊದಲೇ ಅಳತೆಗೋಲನ್ನು ಕಳಿಸುತ್ತದೆ: 12.5 ಮೈಕ್ರೋಸೆಕೆಂಡಿನ ಒಂದು ತಗ್ಗು, ಒಂದು ಸೊನ್ನೆ, ಆಮೇಲೆ ಸೊನ್ನೆ ಮತ್ತು ಒಂದು ಎರಡೂ ಕೂಡಿದಷ್ಟು ಉದ್ದದ ಆರ್‌ಟಿಕ್ಯಾಲ್ ಎಂಬ ಗುರುತು. ಟ್ಯಾಗ್ ಅದನ್ನು ಎಣಿಸಿ ಅರ್ಧ ಮಾಡುತ್ತದೆ. ಅದಕ್ಕಿಂತ ಚಿಕ್ಕದು ಸೊನ್ನೆ, ದೊಡ್ಡದು ಒಂದು.

ಲೆಕ್ಕ ಹಾಕಿ ನೋಡಿ. ಸೊನ್ನೆ 12.5, ಒಂದು 25, ಆರ್‌ಟಿಕ್ಯಾಲ್ 37.5 ಎಂದಿರಲಿ. ಗಡಿಯಾರ 1.92 ಮೆಗಾಹರ್ಟ್ಸ್ ಆದರೆ ಎಣಿಕೆ 72, ಅರ್ಧ 36. ಸೊನ್ನೆಗೆ 24 ಬರುತ್ತದೆ, ಒಂದಕ್ಕೆ 48. ಗಡಿಯಾರ ಶೇಕಡಾ 20 ನಿಧಾನವಾದರೆ ಅರ್ಧ 29ರ ಸುಮಾರು, ಸೊನ್ನೆ 19, ಒಂದು 38. ತೀರ್ಪು ಬದಲಾಗುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿ): ಹಾಗಾದರೆ ಮೈಕ್ರೋಕಂಟ್ರೋಲರ್‌ನಲ್ಲಿ ನಾವೂ ಹೀಗೆಯೇ ಎಣಿಸುತ್ತೇವೆ ಮೇಡಂ. ಏರುವ ಅಂಚಿನಿಂದ ಎಣಿಸಬೇಕೇ, ಇಳಿಯುವ ಅಂಚಿನಿಂದಲೇ?

ಉತ್ತರ: ಏರುವ ಅಂಚಿನಿಂದ ಮುಂದಿನ ಏರುವ ಅಂಚಿನವರೆಗೆ. ಏರುವಾಗ ಕೆಪಾಸಿಟರನ್ನು ಡಯೋಡ್ ತಾನೇ ತುಂಬುತ್ತದೆ, ಅಂಚು ಚೂಪಾಗಿರುತ್ತದೆ. ಇಳಿಯುವ ಅಂಚು ರೆಸಿಸ್ಟರಿನ ಮರ್ಜಿಯಲ್ಲಿದೆ. ಎರಡನ್ನೂ ಬೆರೆಸಿ ತಗ್ಗಿನ ಅಗಲವನ್ನೇ ಅಳೆಯಲು ಹೋದರೆ ದೂರ ಬದಲಾದಂತೆ ಅಳತೆಯೂ ಬದಲಾಗುತ್ತದೆ. ಮತ್ತೆ, ಪ್ರೋಬನ್ನು ಎನ್ವಲಪ್ ಮೇಲೆ ಇಡಬೇಡಿ, ಕಂಪ್ಯಾರೇಟರಿನ ಔಟ್‌ಪುಟ್‌ಗೆ ಇಡಿ. ಅಲ್ಲಿ 12 ಪಿಕೋಫ್ಯಾರಡ್ ಯಾರಿಗೂ ತೊಂದರೆ ಕೊಡುವುದಿಲ್ಲ.