ಬಳ್ಳಿ ಒಂದು ಕಾಲದ್ದು, ಗಾಜು ಇನ್ನೊಂದು ಕಾಲದ್ದು: ತಗೊಳ್ಳಲೋ ಬೇಡವೋ?

ಮಾಟುಂಗಾ ಮೂರನೇ ಮಹಡಿ: ಮುಂಬೈ ಚೋರ್ ಬಜಾರಲ್ಲಿ ಫ್ರೆಂಚ್ ತೂಗುದೀಪ ನೋಡಿ ಬಂದೆ. ಕಬ್ಬಿಣದ ಚೌಕಟ್ಟಲ್ಲಿ ಗುಲಾಬಿ ಬಳ್ಳಿ, ಆರ್ಟ್ ನೂವೋ (1900ರ ಆಸುಪಾಸಿನ ಬಳುಕೋ ಹೂ-ಬಳ್ಳಿ ಶೈಲಿ) ಥರ. ಗಾಜಿನ ಬಟ್ಟಲುಗಳು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ, ಆರ್ಟ್ ಡೆಕೋ (ಅದರ ನಂತರ 1920-30ರ ದಶಕದಲ್ಲಿ ಬಂದ ನೇರ ಗೆರೆಗಳ ಶೈಲಿ). 38,000 ಹೇಳ್ತಿದಾನೆ. ಜೋಡಿಸಿದ ಮಾಲೇ? ತಗೊಂಡವರು ಅನುಭವ ಹೇಳಿ.

ಒಡೆದ ಬಟ್ಟಲು: 2016ರಲ್ಲಿ ಇಂಥದ್ದನ್ನೇ 22,000ಕ್ಕೆ ತಂದೆ. ವೈರಿಂಗ್ 3,400, ಹೋಲ್ಡರ್ 540. ಹುಕ್ ಕಿತ್ತು ಬಂದು ಸೀಲಿಂಗ್ ರಿಪೇರಿ 6,000. ಆವತ್ತು ಒಡೆದ ಬಟ್ಟಲಿಗೆ ಜೋಡಿ ಹುಡುಕಿದ್ದು ಹದಿನಾಲ್ಕು ತಿಂಗಳು. ಸಿಕ್ಕಿದ್ದು ಒಂಚೂರು ಹಳದಿ. ಊಟಕ್ಕೆ ಕೂತರೆ ಕಣ್ಣು ಅಲ್ಲಿಗೇ ಹೋಗತ್ತೆ.

ಧಾರವಾಡದಾಂವ: ಮಿಶ್ರ ಅಂದ್ರ ಅಂಗಡಿಯಾಂವ ಕೂಡಿಸಿದ್ದು, ಮುಗೀತು. ನಾ ಎರಡು ಸಲ ಮೋಸ ಹೋಗೇನಿ, 51,000 ಹಳ್ಳಕ್ಕ ಹೋತು. ಬಲ್ಬ್ ಒತ್ತಿ ತಿರುವಿ ಹಾಕೋ ಪಿನ್ ಹೋಲ್ಡರ್ ಐತೇನು ನೋಡ್ರಿ. ಇದ್ರ ಅದು ಫ್ರಾನ್ಸಿಂದಲ್ಲ.

ಹಳೇ ಗಾಜು: ಫ್ರಾನ್ಸಲ್ಲೂ ಪಿನ್ ಹೋಲ್ಡರ್ ಬಳಕೆಯಲ್ಲಿತ್ತು ಸ್ವಾಮಿ. ನಮ್ಮ ಹಾಲ್‌ನಲ್ಲಿ ಲೂನೆವಿಲ್‌ನ ಮುಲ್ಲರ್ ಫ್ರೆರ್ ಅನ್ನೋ ಫ್ರೆಂಚ್ ಗಾಜಿನ ಕಂಪನಿಯ ದೀಪ ಇದೆ, ಗಾಜಿನ ಮೇಲೆ ಸಹಿಯೂ ಇದೆ, 1920ರ ದಶಕದ್ದು. ಅದಕ್ಕೂ ಕಬ್ಬಿಣದ ಗುಲಾಬಿಯೇ. ಗುಲಾಬಿ ಕಂಡ ಕೂಡಲೇ ನೂವೋ ಅನ್ನಬೇಡಿ. ನೂವೋ ಬಳ್ಳಿ ಚಾಟಿ ಬೀಸಿದ ಹಾಗೆ ಒಂದೇ ಕಡೆ ಬಳುಕಿ ಹೋಗತ್ತೆ. ಡೆಕೋ ಗುಲಾಬಿ ಚಪ್ಪಟೆ, ಎರಡೂ ಬದಿ ಸಮ, ಒತ್ತೊತ್ತಾಗಿ ಕೂತಿರತ್ತೆ. ಡೆಕೋಗೆ ಹೆಸರು ತಂದುಕೊಟ್ಟ 1925ರ ಪ್ಯಾರಿಸ್ ಪ್ರದರ್ಶನ ಮುಗಿದ ಮಾರನೇ ದಿನ ಕಮ್ಮಾರರೆಲ್ಲ ಹೂ ಬಡಿಯೋದು ಬಿಟ್ಟರಾ? ಲಾಲಿಕ್‌ ಅನ್ನೋ ಫ್ರೆಂಚ್ ಕಲಾವಿದ ನೂವೋ ಒಡವೆ ಮಾಡಿದ ಕೈಯಲ್ಲೇ ಡೆಕೋ ಗಾಜು ಮಾಡಲಿಲ್ಲವೇ?

ಧಾರವಾಡದಾಂವ: ಸಹಿ ನಾನೂ ಹಾಕಸ್ತೀನ್ರಿ, ನೂರು ರೂಪಾಯಿ ಕೊಟ್ರ.

ಹಳೇ ಗಾಜು: ನಿಮ್ಮ 51,000 ಹೋಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು.

ನ್ಯೂಜೆರ್ಸಿ ಅತ್ತಿಗೆ: ನಮ್ಮನೇದು ಶೈಲಿಯಲ್ಲ, ಉರಿಯೋದೇ ಎರಡು ಥರ! 1900ರ ಆಸುಪಾಸಿನದು. ಮೇಲ್ಮುಖದ ತೋಳು ಗ್ಯಾಸಿಗೆ, ಕೆಳಮುಖದ್ದು ಕರೆಂಟಿಗೆ. ಆಗ ಕರೆಂಟನ್ನ ಜನ ಪೂರ್ತಿ ನಂಬ್ತಿರಲಿಲ್ಲವಲ್ಲ. ದೀಪಕ್ಕೆ 650 ಡಾಲರ್, ಎಲೆಕ್ಟ್ರಿಷಿಯನ್‌ಗೆ 480. ಊರಿಂದ ಬಂದ ನಮ್ಮತ್ತೆ ಅದರ ಹಿತ್ತಾಳೆಯನ್ನ ಹುಣಸೇಹಣ್ಣು ಹಾಕಿ ತಿಕ್ಕಿಬಿಟ್ಟರು. ನೂರು ವರ್ಷದ ಕಂದು ಬಣ್ಣ ಒಂದೇ ಮಧ್ಯಾಹ್ನದಲ್ಲಿ ಹೋಯ್ತು.

ಒಡೆದ ಬಟ್ಟಲು: ಅಯ್ಯೋ!! ಮೇಣ ಹಚ್ಚಿ ಬಿಡಬೇಕಿತ್ತು.

ಧಾರವಾಡದಾಂವ: ಅತ್ತಿಯವ್ರು ಮಾಡಿದ್ದ ಬರೋಬ್ಬರಿ. ಹಿತ್ತಾಳಿ ಅಂದ್ರ ಹೊಳೀಬೇಕು.

ಮಾಟುಂಗಾ ಮೂರನೇ ಮಹಡಿ: ಸಾರ್, ನನ್ನದು ಕಬ್ಬಿಣ. ಗುಲಾಬಿ ಎರಡೂ ಬದಿ ಸಮ ಇದೆ. 38 ಕೊಡಲೇ?

ನ್ಯೂಜೆರ್ಸಿ ಅತ್ತಿಗೆ: ಹೊಳೀಬೇಕಾದ್ರೆ ಸ್ಟೀಲ್ ತಗೊಳ್ಳಿ ಧಾರವಾಡದವರೇ.